ನೋಡಿ ಹೇಳುವವರು, ಬಿಡಿಸಿ ಹೇಳುವವರು

ಕಾಮೆಂಟರಿಗೆ ಕನ್ನಡದಲ್ಲಿ ನೆಲೆಯೂರಿದ ಮಾತು ‘ವೀಕ್ಷಕ ವಿವರಣೆ’. ಕಂಡದ್ದನ್ನು ಹೇಳುವುದು, ಅದರ ಒಳಮರ್ಮ ಬಿಡಿಸುವುದು, ಎರಡೂ ಆ ಒಂದು ಹೆಸರಿನಲ್ಲಿ ಅಡಗಿವೆ. ಪ್ರಸಾರದ ಚರಿತ್ರೆಯಲ್ಲಿ ಈ ಎರಡು ಕೆಲಸಗಳು ಕ್ರಮೇಣ ಬೇರೆಯಾದವು. ವಿಶ್ಲೇಷಕನೆಂಬ ವೃತ್ತಿ ಹುಟ್ಟಿದ್ದು ಆ ಪಾಲಾಗುವಿಕೆಯಿಂದಲೇ.

ಆರಂಭದಲ್ಲಿ ನೋಡಿ ಹೇಳುವುದೇ ದೊಡ್ಡ ಕೆಲಸ. 1927ರ ಜನವರಿಯಲ್ಲಿ ಬಿಬಿಸಿ ಇಂಗ್ಲೆಂಡ್–ವೇಲ್ಸ್ ರಗ್ಬಿ ಪಂದ್ಯವನ್ನು ಟ್ವಿಕನ್‌ಹ್ಯಾಮ್‌ನಿಂದ ಬಾನುಲಿಗೆ ತಂದಿತು. ಅಂಗಳವನ್ನು ಚೌಕಗಳಾಗಿ ಗುರುತಿಸಿದ ನಕ್ಷೆಯನ್ನು ‘ರೇಡಿಯೊ ಟೈಮ್ಸ್’ ಅಚ್ಚು ಹಾಕುತ್ತಿದ್ದ ಕಾಲ ಅದು. ಮುಖ್ಯ ವಿವರಣೆಗಾರ ಆಟ ಬಣ್ಣಿಸುತ್ತಿದ್ದರೆ, ಚೆಂಡು ಎಷ್ಟನೆಯ ಚೌಕದಲ್ಲಿದೆ ಎಂದು ಮತ್ತೊಂದು ದನಿ ಹೇಳುತ್ತಿತ್ತು. ಮೈಕಿನ ಮುಂದಿನ ಎರಡನೆಯ ಮನುಷ್ಯನಿಗೆ ಆಗ ಇದ್ದ ಕೆಲಸ ಇಷ್ಟೇ.

ಭಾರತದಲ್ಲಿ ಎ.ಎಫ್.ಎಸ್. ತಲ್ಯಾರ್‌ಖಾನ್ 1934ರಲ್ಲಿ ಮುಂಬಯಿಯ ಕ್ವಾಡ್ರಾಂಗ್ಯುಲರ್ ಕ್ರಿಕೆಟ್ ಟೂರ್ನಿಯಿಂದ ಈ ಪರಂಪರೆ ತೆರೆದರು. ಊಟ, ಚಹಾ ವಿರಾಮ ಬಿಟ್ಟರೆ ದಿನವಿಡೀ ಅವರದೊಂದೇ ಕಂಠ. ಆಕಾಶವಾಣಿ ಹಲವರಿಗೆ ಮೈಕು ಹಂಚಲು ಹೊರಟಾಗ ಒಪ್ಪದೆ ಹೊರನಡೆದರು. ಒಬ್ಬನ ದರ್ಬಾರು ಮುಗಿದ ಮೇಲೆ ಬಂದದ್ದು ‘ಎಕ್ಸ್‌ಪರ್ಟ್ ಕಾಮೆಂಟ್ಸ್’. ವಿಜ್ಜಿ, ವಿಜಯ್ ಮರ್ಚೆಂಟ್, ಲಾಲಾ ಅಮರನಾಥ್‌ರಂಥ ಹಳೆಯ ಆಟಗಾರರು ಓವರುಗಳ ನಡುವೆ ಅಭಿಪ್ರಾಯ ಹೇಳತೊಡಗಿದರು. ಆಡಿ ಬಂದವರೆಲ್ಲ ಮಾತಿನಲ್ಲೂ ಪಳಗಿದವರಾಗಿರಲಿಲ್ಲ ಎಂಬುದು ಬೇರೆ ಮಾತು. ಬ್ರಿಟನ್ನಿನಲ್ಲಿ 1957ರಲ್ಲಿ ಶುರುವಾದ ಬಿಬಿಸಿ ಬಾನುಲಿಯ ‘ಟೆಸ್ಟ್ ಮ್ಯಾಚ್ ಸ್ಪೆಷಲ್’ ಇದೇ ಪದ್ಧತಿಯನ್ನು ಕಲೆಯಾಗಿಸಿತು. ಕವಿಯೂ ಆಗಿದ್ದ ಜಾನ್ ಆರ್ಲಟ್ ಚಿತ್ರ ಕಟ್ಟಿದರೆ, ಟ್ರೆವರ್ ಬೈಲಿ, ಫ್ರೆಡ್ ಟ್ರೂಮನ್‌ರಂಥ ಮಾಜಿ ಬೌಲರ್‌ಗಳು ಅದರ ಕಾರಣ ಹೇಳುತ್ತಿದ್ದರು. 1966ರಿಂದ ಬಿಲ್ ಫ್ರಿಂಡಾಲ್ ಅಂಕಿಅಂಶಗಳ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತರು.

ಟೆಲಿವಿಷನ್ ಬಂದದ್ದೇ ಲೆಕ್ಕಾಚಾರ ತಲೆಕೆಳಗಾಯಿತು. ಚೆಂಡು ಬೌಂಡರಿ ದಾಟಿದ್ದನ್ನು ಮನೆಮಂದಿಯೇ ನೋಡುತ್ತಿರುವಾಗ ಅದನ್ನು ಹೇಳುವವನ ಅಗತ್ಯವೇನು? ಉಳಿದದ್ದು ‘ಏಕೆ’ ಎಂಬ ಪ್ರಶ್ನೆ ಮಾತ್ರ. ಇದನ್ನು ಮೊದಲೇ ಅರಿತವರು ಆಸ್ಟ್ರೇಲಿಯದ ರಿಚಿ ಬೆನೊ. ಇನ್ನೂ ಆಡುತ್ತಿದ್ದಾಗಲೇ, 1956ರ ಇಂಗ್ಲೆಂಡ್ ಪ್ರವಾಸ ಮುಗಿಸಿ ಬಿಬಿಸಿಯಲ್ಲಿ ಪ್ರಸಾರ ತರಬೇತಿ ಪಡೆದಿದ್ದರು. ಚಿತ್ರಕ್ಕೆ ಸೇರಿಸಲು ಏನೂ ಇಲ್ಲದಿದ್ದರೆ ಸುಮ್ಮನಿರುವುದು ಅವರ ಶಿಸ್ತು. ಇಂದಿನ ಕಾಮೆಂಟರಿ ಬಾಕ್ಸ್‌ಗಳಲ್ಲಿ ಅದು ಅಪರೂಪ. ಅಮೆರಿಕದಲ್ಲಿ ಅಲ್ಲಿನ ಫುಟ್‌ಬಾಲ್‌ನ ಕೋಚ್ ಆಗಿದ್ದ ಜಾನ್ ಮ್ಯಾಡನ್ 1982ರ ಸೂಪರ್ ಬೌಲ್‌ನಲ್ಲಿ ಪರದೆಯ ಮೇಲೆಯೇ ಗೆರೆ ಎಳೆದು ತಂತ್ರ ತೋರಿಸಿದರು. ವಿಶ್ಲೇಷಕನ ಕೈಗೆ ಸೀಮೆಸುಣ್ಣ ಸಿಕ್ಕಂತಾಯಿತು.

ಭಾರತದಲ್ಲಿ ವಿಶ್ಲೇಷಣೆ ಹೊಟ್ಟೆಪಾಡಿನ ಕಸುಬಾಗಲು ನ್ಯಾಯಾಲಯ ಬೇಕಾಯಿತು. ಪಂದ್ಯ ಪ್ರಸಾರದ ಹಕ್ಕಿನ ಕುರಿತ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ, ತರಂಗಾಂತರ ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಖಾಸಗಿ ವಾಹಿನಿಗಳ ಹಣ ಹರಿದುಬಂತು. ಮಾಜಿ ಆಟಗಾರರಾದ ಗಾವಸ್ಕರ್, ಶಾಸ್ತ್ರಿಯವರ ಜೊತೆಗೆ, ಭಾರತಕ್ಕೆ ಒಂದು ಪಂದ್ಯವನ್ನೂ ಆಡದ ಹರ್ಷ ಭೋಗ್ಲೆ ಮನೆಮಾತಾದರು. ಹೈದರಾಬಾದ್ ಆಕಾಶವಾಣಿಯಲ್ಲಿ ಆರಂಭಿಸಿದ ಈ ಕೆಮಿಕಲ್ ಎಂಜಿನಿಯರ್ ಮುಂದೆ ಓದಿದ್ದು ಅಹಮದಾಬಾದಿನ ಐಐಎಂನಲ್ಲಿ. ಅಂಪೈರುಗಳಿಗಿಂತ ಮೊದಲೇ, 2001ರಲ್ಲಿ, ಬ್ರಿಟನ್ನಿನ ಚಾನೆಲ್ 4 ಬಳಸಿದ, ಚೆಂಡಿನ ಜಾಡು ಹಿಡಿಯುವ ಹಾಕ್-ಐ ತಂತ್ರಜ್ಞಾನ ವಿಶ್ಲೇಷಕನ ಊಹೆಯನ್ನು ಅಳತೆಗೆ ಒಡ್ಡಿತು.

ಕನ್ನಡದ ಟಿವಿಗೆ ಐಪಿಎಲ್ ವಿವರಣೆ 2018ರಲ್ಲಿ ಬಂದಾಗ ನೋಡಿ ಹೇಳುವವರು, ಬಿಡಿಸಿ ಹೇಳುವವರು ಎಂಬ ಈ ವಿಂಗಡಣೆ ಸಿದ್ಧವಾಗಿಯೇ ದೊರಕಿತು. ಮಾತುಗಾರರ ಪಕ್ಕದಲ್ಲಿ ವಿಜಯ್ ಭಾರದ್ವಾಜ್‌ರಂಥ ಕರ್ನಾಟಕದ ಮಾಜಿ ಆಟಗಾರರು ಕುಳಿತರು. ಸಿದ್ಧವಿಲ್ಲದ್ದು ಮಾತಿನ ಹದ. ಪತ್ರಿಕೆಯ ಕ್ರೀಡಾಪುಟ ಬೆಳೆಸಿದ ‘ದಾಂಡಿಗ’ (ಬ್ಯಾಟರ್), ‘ಹುದ್ದರಿ’ (ವಿಕೆಟ್) ಬಾಯಿಮಾತಿಗೆ ಅಷ್ಟಾಗಿ ಒಗ್ಗಲಿಲ್ಲ. ಬಾಲು, ವಿಕೆಟ್ಟು, ಬೌಂಡರಿಗಳ ನಡುವೆ ಕನ್ನಡ ಉಳಿದದ್ದು ಹೆಚ್ಚಾಗಿ ಕ್ರಿಯಾಪದಗಳಲ್ಲಿ, ಛೇಡಿಸುವ ಮಾತಿನಲ್ಲಿ, ಗಾದೆಗಳಲ್ಲಿ.