ಅಜ್ಜಮಾಡ ಬೋಪಯ್ಯ ದೇವಯ್ಯ

ಅಜ್ಜಮಾಡ ಬೋಪಯ್ಯ ದೇವಯ್ಯ (1932–1965): ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್, ಕೊಡಗಿನವರು. ಕೊಡವರ ವಾಡಿಕೆಯಂತೆ ಮನೆತನದ ಹೆಸರಾದ ಅಜ್ಜಮಾಡ ಮೊದಲು ಬರುತ್ತದೆ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮಡಿದ ಇವರಿಗೆ ಮಹಾವೀರ ಚಕ್ರ ಸಂದದ್ದು 23 ವರ್ಷಗಳ ಮೇಲೆ, 1988ರಲ್ಲಿ. ಇವರು ಹೇಗೆ ಸತ್ತರೆಂಬುದನ್ನು ನಮ್ಮ ಕಡೆಯವರಾರೂ ಕಂಡಿರಲಿಲ್ಲ, ತಡವಾದದ್ದು ಅದಕ್ಕೆ.

ದೇವಯ್ಯ ವಾಯುಪಡೆ ಸೇರಿದ್ದು 1954ರಲ್ಲಿ. ಯುದ್ಧ ಶುರುವಾದಾಗ ಪೈಲಟ್‌ಗಳಿಗೆ ಹಾರಾಟ ಕಲಿಸುವ ಬೋಧಕರಾಗಿದ್ದರು. ಅಲ್ಲಿಂದ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಬಂದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಓ.ಪಿ. ತನೇಜ ಅವರ ಮುಂದಾಳುತನದಲ್ಲಿ ಫ್ರೆಂಚ್ ತಯಾರಿಕೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಮುಖ್ಯ ವಾಯುನೆಲೆ ಸರ್ಗೋಧಾದ ಮೇಲೆ ದಾಳಿಗೆ ಹೊರಟವು. ಹೋಗಬೇಕಾದವರ ಪಟ್ಟಿಯಲ್ಲಿ ದೇವಯ್ಯ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬಲೆಂದು ಕಾಯ್ದಿರಿಸಿದ್ದ ಪೈಲಟ್ ಅವರು. ಹೋದರು, ಮರಳಲಿಲ್ಲ. ಕಡತದಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರೆಯಲಾಯಿತು.

ಆಕಾಶದಲ್ಲಿ ನಡೆದದ್ದು ಹೊರಬಿದ್ದದ್ದು ಎದುರಾಳಿಯ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧವನ್ನು ಪಾಕಿಸ್ತಾನದ ಮೂಲಗಳಿಂದ ಬರೆದ ಪುಸ್ತಕ 1979ರಲ್ಲಿ ಬಂತು. ಅದರ ಪ್ರಕಾರ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರ್‌ನಿಂದ ಒಂದು ಮಿಸ್ಟೇರ್‌ಗೆ ಹೊಡೆದು, ಅದರ ಕಥೆ ಮುಗಿಯಿತೆಂದು ಬೇರೆ ಗುರಿಯತ್ತ ತಿರುಗಿದರು. ಪೆಟ್ಟು ತಿಂದ ಆ ಮಿಸ್ಟೇರ್ ಬೀಳಲಿಲ್ಲ, ತಿರುಗಿಬಿತ್ತು. ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಎಲ್ಲಿ, ಅದರ ಅರ್ಧ ವೇಗವನ್ನಷ್ಟೇ ಮುಟ್ಟಬಲ್ಲ ಮಿಸ್ಟೇರ್ ಎಲ್ಲಿ! ಆದರೂ ಹತೋಟಿ ತಪ್ಪಿದ್ದು ಸ್ಟಾರ್‌ಫೈಟರ್. ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು.

ಪುಸ್ತಕದಲ್ಲಿ ಮಿಸ್ಟೇರ್‌ನ ಪೈಲಟ್ ಯಾರೆಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮುಂಜಾನೆಯ ದಾಳಿಯಿಂದ ಆದಂಪುರಕ್ಕೆ ಮರಳದ ಮಿಸ್ಟೇರ್ ಒಂದೇ, ಅದು ದೇವಯ್ಯನವರದು. ಅಂದರೆ ಗುರುತು ಸಿಕ್ಕಿದ್ದು ಮೂಳೆಯಿಂದಲ್ಲ, ಬಟ್ಟೆಯಿಂದಲ್ಲ, ಬರಿಯ ಲೆಕ್ಕದಿಂದ. ದೇಹದ ಸುದ್ದಿ ಬಂದದ್ದೂ ಅತ್ತ ಕಡೆಯಿಂದಲೇ: ಹೊಲದಲ್ಲಿ ಹೆಚ್ಚು ಜಖಂ ಆಗದೆ ಬಿದ್ದಿದ್ದ ಶವವನ್ನು ಹಳ್ಳಿಯವರು ಅಲ್ಲೇ ಮಣ್ಣು ಮಾಡಿದ್ದರು.

ಕಾಲಾಳುಪಡೆಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಅಲ್ಲಿ ಬಿದ್ದವನ ಪಕ್ಕದಲ್ಲಿ ಜೊತೆಗಾರನಿರುತ್ತಾನೆ. ಅಲ್ಲೂ ಕೆಲವೊಮ್ಮೆ ಉಳಿಯುವವರು ಬೆರಳೆಣಿಕೆಯಷ್ಟೇ. ಕುಮಾಂವ್ ರೆಜಿಮೆಂಟಿನ ಮೇಜರ್ ಶೈತಾನ್ ಸಿಂಗ್ 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮಡಿದರು. ಅವರೂ ಅವರ ಜವಾನರೂ ಹಿಮದಲ್ಲಿ ಹೆಪ್ಪುಗಟ್ಟಿ ಸಿಕ್ಕಿದ್ದು ಮರುವರ್ಷದ ಫೆಬ್ರವರಿಯಲ್ಲಿ. ಶೈತಾನ್ ಸಿಂಗರ ದೇಹ ಊರಿನ ಕಡೆಗೆ, ಜೋಧಪುರಕ್ಕೆ ಬಂತು. ದೇವಯ್ಯನವರ ಪಾಲಿಗೆ ನಡುವೆ ಗಡಿಯಿತ್ತು.

1988ರ ಮಹಾವೀರ ಚಕ್ರವನ್ನು ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ. ಮಡಿಕೇರಿಯ ಒಂದು ವೃತ್ತಕ್ಕೆ ದೇವಯ್ಯನವರ ಹೆಸರಿದೆ. ಅಲ್ಲಿನ ಪ್ರತಿಮೆ 2020ರಲ್ಲಿ ಅನಾವರಣಗೊಂಡಿತು. ಈ ಕಥೆಯನ್ನೇ ಆಧರಿಸಿದ ಹಿಂದಿ ಚಲನಚಿತ್ರ ‘ಸ್ಕೈ ಫೋರ್ಸ್’ 2025ರ ಜನವರಿಯಲ್ಲಿ ಬಂತು. ಅದರಲ್ಲಿ ದೇವಯ್ಯನವರನ್ನು ಆಧರಿಸಿದ ಪಾತ್ರದ ಹೆಸರು ಬೇರೆ, ಆ ಪಾತ್ರ ಕೊಡವನದೂ ಅಲ್ಲ. ಗುರುತು ಸಿಗಲು ಅಷ್ಟು ವರ್ಷ ಹಿಡಿದವರ ವಿಷಯದಲ್ಲಿ ಇದು ಸಲ್ಲದ ಸ್ವಾತಂತ್ರ್ಯ. ಕೊಡಗಿನಲ್ಲಿ ಆಕ್ಷೇಪ ಎದ್ದದ್ದು ಸಹಜವೇ. ದೇವಯ್ಯನವರ ದೇಹ ಭಾರತಕ್ಕೆ ಬಂದಿಲ್ಲ.