ಜಾಲಿಂಗೆ ಬಂದ ಶಾಲೆ

ಅಂಗನವಾಡಿ ಹೇಳುವ ಹೆಸರಿನ ಅರ್ಥ ಆರಾರು ಆಲೋಚನೆ ಮಾಡಿದ್ದಿರೋ ಅಕ್ಕಂದಿರೇ? ಅಂಗಣ ಹೇಳಿರೆ ನಮ್ಮ ಜಾಲು. ಮಹಾರಾಷ್ಟ್ರದ ಬೋರ್ಡಿಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಹೇಳ್ತ ಇಬ್ರು 1945ರಲ್ಲಿ ಬಡವರ ಮಕ್ಕೊಗೆ ಬಾಲವಾಡಿ ಸುರು ಮಾಡಿದವು. ಮಕ್ಕೊ ಶಾಲೆಗೆ ಬಾರದ್ರೆ ಶಾಲೆಯೇ ಅವರ ಜಾಲಿಂಗೆ ಹೋತು. ಮೊಂಟೆಸ್ಸರಿಯ ಸಾಮಾನಿಂಗೆ ಕ್ರಯ ಜಾಸ್ತಿ. ಇವು ಕಲ್ಲು, ಎಲೆ, ಬೀಜ, ಚಿಪ್ಪಿ ಮಡಗಿಯೇ ಕಲಿಶಿದವು. ಖರ್ಚು ಕಮ್ಮಿ ಆತು ಹೇಳಿ ಗುಣ ಕಮ್ಮಿ ಆಯಿದಿಲ್ಲೆ.

ನಮ್ಮ ಹೊಡೆಣ ಕತೆ ಬೇರೆ. ಬಂಟ್ವಾಳಂದ ಬೆಳ್ತಂಗಡಿವರೆಗೆ, ಅತ್ಲಾಗಿ ಮೂಡಬಿದ್ರೆವರೆಗೆ ಬೀಡಿ ಕಟ್ಟುವ ಮನೆಗೊ ಎಷ್ಟು! ಮಕ್ಕಳ ನೋಡುಲೆ ಕೋಣೆ ಬೇಕು ಹೇಳಿ ಕಾನೂನು ಇಲ್ಲದ್ದೆ ಅಲ್ಲ. 1948ರ ಕಾರ್ಖಾನೆ ಕಾಯಿದೆ ಪ್ರಕಾರ 50ಕ್ಕಿಂತ ಹೆಚ್ಚು ಹೆಮ್ಮಕ್ಕೊ ಕೆಲಸ ಮಾಡುವಲ್ಲಿ ಆ ಕೋಣೆ ಇರೆಕ್ಕಾಗಿತ್ತು. 1976ರಲ್ಲಿ ಅದರ 30ಕ್ಕೆ ಇಳುಶಿದವು. ಗೇರುಬೀಜದ ಫ್ಯಾಕ್ಟರಿಗೆ ಅದು ಲಾಗು ಆಗಿತ್ತು. 1966ರ ಬೀಡಿ ಕಾಯಿದೆಲಿಯೂ ಮಕ್ಕಳ ಕೋಣೆಯ ಮಾತು ಇತ್ತು. ಆದರೆ ಬೀಡಿ ಕಟ್ಟುದು ಮನೆ ಜೆಗಿಲಿಲಿ ಅನ್ನೆ! ಮೊಟ್ಟೆಲಿ ತಡ್ಪೆ, ಹತ್ತರೆ ಒರಗಿದ ಬಾಬೆ, ಎರಡರ ಮೇಲೆಯೂ ಹೊಗೆಸೊಪ್ಪಿನ ಹೊಡಿ. ಕೋಣೆಯ ಖರ್ಚು ಬೀಡಿ ಮಾಡ್ಸುವವಕ್ಕೆ ಒಳುದತ್ತು. ಅದರ ಕೊಟ್ಟದು ಆರು ಹೇಳಿರೆ ಮನೆಯ ಅಜ್ಜಿ, ಮತ್ತೆ ತಮ್ಮನ ಸೊಂಟಲ್ಲಿ ಕೂರ್ಸಿಗೊಂಡು ಶಾಲೆ ಬಿಟ್ಟ ಎಂಟು ವರ್ಷದ ಅಕ್ಕ. ಹಾಂಗಿಪ್ಪ ಅಕ್ಕಂದಿರ ನಾವೆಲ್ಲ ಕಂಡಿದು.

ಸರಕಾರದ ಅಂಗನವಾಡಿ ಸುರುವಾದ್ದು 1975ರ ಅಕ್ಟೋಬರ 2ಕ್ಕೆ, ಇಡೀ ದೇಶಲ್ಲಿ 33 ಕಡೆ. ನಮ್ಮ ರಾಜ್ಯಲ್ಲಿ ಸುರುವಾಣ ಪಾಲು ಮೈಸೂರು ಹೊಡೆಣ ತಿ. ನರಸೀಪುರಕ್ಕೆ. ನವಗೆ ಮತ್ತೆ ಬಂತು. ಫೀಸಿಲ್ಲೆ, ಮಧ್ಯಾಹ್ನಕ್ಕೆ ಹೊಟ್ಟಗೆ ಎಂತಾರು ಸಿಕ್ಕುಗು, ತೂಕ ನೋಡುಗು. ಬೀಡಿ ಕಟ್ಟುವವಕ್ಕೆ ಅಷ್ಟೇ ದೊಡ್ಡದು.

ಅಂಬಗ ಹತ್ತನೇ ಪಾಸಾದ ಟೀಚರಿಂಗೆ ತಿಂಗಳಿಂಗೆ 150 ರುಪಾಯಿ, ಪಾಸಾಗದ್ದವಕ್ಕೆ 100, ಸಹಾಯಕಿಗೆ 35. ಅದರ ಸಂಬಳ ಹೇಳವು, ಗೌರವಧನ ಹೇಳುಗು. ಗೌರವ ಇತ್ತೋ ಏನೋ, ಧನ ಅಂತೂ ಇತ್ತಿಲ್ಲೆ! 2018ರಲ್ಲಿ ಕೇಂದ್ರದ ಲೆಕ್ಕ 3000ಂದ 4500 ಆತು, ರಾಜ್ಯ ಅದರ ಮೇಲೆ ಕೊಡ್ತದು ಬೇರೆ. ಪೇಟೆಯ ಪ್ಲೇಸ್ಕೂಲಿಂಗೆ ಚೌಕಾಸಿ ಇಲ್ಲದ್ದೆ ಫೀಸು ಕಟ್ಟುವ ನಾವು ಅಂಗನವಾಡಿ ಟೀಚರು ಪೈಸೆ ಸಾಲ ಹೇಳಿರೆ ಮೋರೆ ತಿರುಗುಸುದು ಎಂತಕೋ.

2022ರ ಎಪ್ರಿಲಿಲಿ ಸುಪ್ರೀಂ ಕೋರ್ಟು ಇವಕ್ಕೆ ಗ್ರಾಚ್ಯುಟಿ ಸಿಕ್ಕೆಕ್ಕು ಹೇಳಿತ್ತು. ಮರುವರ್ಷದ ಜನವರಿಲಿ ಅದನ್ನೇ ಕೇಳಿಗೊಂಡು ರಾಜ್ಯದ ಟೀಚರಕ್ಕೊ ಬೆಂಗಳೂರಿನ ಫ್ರೀಡಂ ಪಾರ್ಕಿಲಿ ಹಗಲು ಇರುಳು ಕೂದವು.