ಕೈಗಿಂತ ಮೊದಲು ಕಾಲು: ದೇಹದ ಪೂರ್ವಸಿದ್ಧತೆಯ ವಿಚಾರದ ಇತಿಹಾಸ

ಸುರಪುರದ ಬೇಡ ನಾಯಕರ ಚರಿತ್ರೆಯನ್ನು ಓದುವವರಿಗೆ ಅವರ ಬಂದೂಕುಗಾರರ ಗುರಿಯ ಪ್ರಶಂಸೆ ಹೊಸದಲ್ಲ. 1705ರಲ್ಲಿ ಔರಂಗಜೇಬನು ತಾನೇ ಬಂದು ವಾಗಣಗೇರಾ ಕೋಟೆಯನ್ನು ಮುತ್ತಿದಾಗ ಎದುರಿಸಿದ್ದು ಈ ಪಡೆಯೇ. ಆದರೆ ಕೈಯ ಕೌಶಲವನ್ನು ಕೊಂಡಾಡುವ ನಾವು ಆ ಕೈಗೆ ನೆಲೆಯಾದ ಕಾಲನ್ನು ನೆನೆಯುವುದಿಲ್ಲ. ಶರೀರಶಾಸ್ತ್ರವೂ ಬಹುಕಾಲ ಹೀಗೆಯೇ ಮರೆತಿತ್ತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ನಿಂತವನು ಕೈಯನ್ನು ಮುಂದಕ್ಕೆ ಎತ್ತಿದೊಡನೆ ದೇಹದ ಭಾರಕೇಂದ್ರ ಕದಲುತ್ತದೆ. ವಾಲಿದ ಮೇಲೆ ಸರಿಪಡಿಸಿಕೊಳ್ಳುವುದೊಂದೇ ಉಪಾಯವಾಗಿದ್ದರೆ ಪ್ರತಿಯೊಂದು ಚಲನೆಯಲ್ಲಿಯೂ ನಾವು ತೂರಾಡಬೇಕಾಗಿತ್ತು. ಹಾಗಾಗದಿರುವುದಕ್ಕೆ ಕಾರಣವೇನು?

1899ರಲ್ಲಿ ಫ್ರಾನ್ಸಿನ ವೈದ್ಯ ಬಾಬಿನ್ಸ್ಕಿ ಇದಕ್ಕೊಂದು ಸುಳಿವನ್ನು ಒದಗಿಸಿದನು. ಆರೋಗ್ಯವಂತನು ಹಿಂದಕ್ಕೆ ಬಾಗುವಾಗ ಮೊಣಕಾಲು ತಾನಾಗಿ ಮಡಿಯುತ್ತದೆ. ಕಿರುಮೆದುಳು ಕೆಟ್ಟ ರೋಗಿಯಲ್ಲಿ ಅದು ಮಡಿಯದೆ ಅವನು ಬೀಳುವಂತಾಗುತ್ತಾನೆ. 1967ರಲ್ಲಿ ರಷ್ಯದ ಬೆಲೆಂಕಿ, ಗುರ್‌ಫಿಂಕೆಲ್ ಮತ್ತು ಪಾಲ್ತ್ಸೆವ್ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ದಾಖಲಿಸಿ, ಕೈಯನ್ನೆತ್ತುವ ಸ್ನಾಯುವಿಗಿಂತ ಮೊದಲೇ ಕಾಲಿನ ಸ್ನಾಯು ಕೆಲಸಕ್ಕೆ ತೊಡಗುವುದೆಂದು ತೋರಿಸಿದರು. ಈ ಅಂತರ ಸೆಕೆಂಡಿನ ಕೆಲವು ನೂರನೆಯ ಭಾಗಗಳಷ್ಟೇ. 1982ರಲ್ಲಿ ಕಾರ್ಡೋ ಮತ್ತು ನ್ಯಾಶ್ನರ್ ಇನ್ನೊಂದು ಮಾತನ್ನು ಸೇರಿಸಿದರು: ಎದೆಗೆ ಆಸರೆ ಕೊಟ್ಟರೆ ಕಾಲಿನ ಈ ಸಿದ್ಧತೆ ಕುಗ್ಗುತ್ತದೆ. ಎಂದಮೇಲೆ ಇದು ಬದಲಾಗದ ಪ್ರತಿಕ್ರಿಯೆಯಲ್ಲ. ಸಂದರ್ಭವನ್ನರಿತು ಮಾಡಿದ ಏರ್ಪಾಡು.

ಓದುಗರು ತಾವೇ ಇದನ್ನು ಪರೀಕ್ಷಿಸಬಹುದು. ಅಂಗೈಯ ಮೇಲೊಂದು ದಪ್ಪ ಪುಸ್ತಕವನ್ನಿಟ್ಟು ಇನ್ನೊಂದು ಕೈಯಿಂದ ತಾವೇ ಎತ್ತಿದರೆ ಅಂಗೈ ಹೆಚ್ಚು ಕದಲದು. ಬೇರೊಬ್ಬರು ತಟಕ್ಕನೆ ಎತ್ತಿದರೆ ಅದು ಮೇಲಕ್ಕೆ ಚಿಮ್ಮುತ್ತದೆ. ತನ್ನ ಚಲನೆಯ ಫಲವನ್ನು ಮೆದುಳು ಮೊದಲೇ ಎಣಿಸಿರುತ್ತದೆ. ಅನ್ಯರ ಚಲನೆಯನ್ನು ಹಾಗೆ ಎಣಿಸಲಾರದು. ಯಾದಗಿರಿಯ ಮಾರುಕಟ್ಟೆಯಲ್ಲಿ ತೊಗರಿಯ ಚೀಲವನ್ನು ತಾನೇ ಇಳಿಸುವ ಹಮಾಲನಿಗೂ, ಬೆನ್ನಿನ ಚೀಲವನ್ನು ಇನ್ನೊಬ್ಬನು ಹೇಳದೆ ಸೆಳೆದಾಗ ಮುಗ್ಗರಿಸುವ ಹಮಾಲನಿಗೂ ಇರುವ ಭೇದ ಇದೇ.

ಇದು ಕೇವಲ ಪ್ರಯೋಗಶಾಲೆಯ ಕುತೂಹಲವಲ್ಲ. ವೃದ್ಧಾಪ್ಯದಲ್ಲಿ ಈ ಸಿದ್ಧತೆ ತಡವಾಗುವುದುಂಟು. ಶಹಾಪುರದ ಮನೆಯೊಂದರಲ್ಲಿ ಅಜ್ಜಿ ಅಟ್ಟದ ಡಬ್ಬಿಗೆ ಕೈಚಾಚಿ ಬಿದ್ದರೆ, ಎಚ್ಚರವಿಲ್ಲವೆಂದು ಆಕೆಯನ್ನು ಗದರಿಸುವವರೇ ಹೆಚ್ಚು. ಕೈಯಲ್ಲಿ ಬಲವಿದ್ದೂ ಕಾಲಿಗೆ ಆಜ್ಞೆ ತಡವಾಗಿ ತಲಪಿದ್ದಿರಬಹುದೆಂದು ತಿಳಿದವರು ಗದರಿಸುವುದಕ್ಕೆ ಬದಲಾಗಿ ಡಬ್ಬಿಯನ್ನು ಕೆಳಗಿಟ್ಟು, ಹಿಡಿದುಕೊಳ್ಳಲು ಆಸರೆಯೊಂದನ್ನು ಕಲ್ಪಿಸುವರು. ಈ ಇತಿಹಾಸದಿಂದ ನಾವು ಕಲಿಯತಕ್ಕದ್ದು ಇಷ್ಟು.